ಸೊನೆಯಿಂದ ಏಳುವ ಗುಳ್ಳೆ: ದಂಪತಿಗಳು ತಿಳಿಯತಕ್ಕ ಸಂಗತಿ

ಹಿರಿಯಡ್ಕದ ಆಸುಪಾಸಿನ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಯಜಮಾನನು ಹಟ್ಟಿಗೆ ಹಾಕಲೆಂದು ಗುಡ್ಡೆಯಿಂದ ಸೊಪ್ಪು ಕಡಿದು ತಂದನು. ಎರಡು ದಿನಗಳಲ್ಲಿ ಅವನ ಮುಖವು ಬಾತು, ಕೈಗಳಲ್ಲಿಯೂ ತೊಡೆಸಂದಿಯಲ್ಲಿಯೂ ನೀರುಗುಳ್ಳೆಗಳೆದ್ದವು. ಅವನ ಬಟ್ಟೆಯನ್ನು ಒಗೆದ ಹೆಂಡತಿಗೂ ಅಂತಹವೇ ಗುಳ್ಳೆಗಳು ಕಾಣಿಸಿಕೊಂಡವು. ನೆರೆಯವರು ಇದನ್ನು ಅಂಟುಜಾಡ್ಯವೆಂದರು. ಕೆಲವರು ಕೆಟ್ಟ ರೋಗವೆಂದು ಪಿಸುಗುಟ್ಟಿದರು. ಹಾಲುಣ್ಣುವ ಮಗುವನ್ನು ತಾಯಿಯಿಂದ ದೂರವಿಟ್ಟರು. ಗಂಡಹೆಂಡಿರಲ್ಲಿ ಪರಸ್ಪರ ಸಂಶಯ ತಲೆದೋರಿತು. ನಿಜಕ್ಕೂ ನಡೆದುದೇನು? ಸೊಪ್ಪಿನ ಹೊರೆಯಲ್ಲಿ ಹೊಲಗೇರಿನ ಒಂದು ಕೊಂಬೆ ಇದ್ದಿತು, ಅಷ್ಟೆ.

ಒಂದೇ ಕುಟುಂಬದ ಗಿಡಗಳು

ಮನುಷ್ಯರಲ್ಲಿರುವಂತೆ ಸಸ್ಯಗಳಲ್ಲಿಯೂ ಕುಟುಂಬಗಳುಂಟು. ಮಾವು, ಗೇರು, ಹೊಲಗೇರು, ಗುಡ್ಡೆಗೇರು ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿವೆ. ಇವುಗಳ ತೊಗಟೆ, ಎಲೆ, ಕಾಯಿಗಳಲ್ಲಿ ಸೂಕ್ಷ್ಮವಾದ ನಾಳಗಳಿದ್ದು, ಅವುಗಳಲ್ಲಿ ಅಂಟಾದ ಸೊನೆ ತುಂಬಿರುತ್ತದೆ. ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಪೀಡಿಸುವ ‘ಪಾಯ್ಸನ್ ಐವಿ’ ಎಂಬ ಬಳ್ಳಿಯೂ ಇದೇ ಬಳಗದ್ದು. ಒಂದು ತೊಟ್ಟಿಗೆ ಮೂರು ಕಿರುಎಲೆಗಳಿರುವುದು ಅದರ ಗುರುತು. ಆ ಬಳ್ಳಿ ನಮ್ಮ ನಾಡಿನದಲ್ಲ. ಆದರೆ ಅದರ ಸೊನೆಯಲ್ಲಿರುವ ‘ಉರುಷಿಯೋಲ್’ ಎಂಬ ಎಣ್ಣೆಗೆ ತೀರ ಹತ್ತಿರವಾದ ಎಣ್ಣೆಗಳು ನಮ್ಮ ಗೇರಿನ ಬಳಗದಲ್ಲಿಯೂ ಇವೆ.

ಹೊಲಗೇರು: ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ಹಾಡಿಗಳಲ್ಲಿ ಬೆಳೆಯುವ ಎತ್ತರವಾದ ಮರ. ತುಳುವಿನಲ್ಲಿ ಇದನ್ನು ಚೇರೆ ಎನ್ನುವರು. ಉದ್ದವಾದ ಹೊಳಪಿನ ಎಲೆಗಳು ರೆಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ಎಳೆಯ ಎಲೆಯ ತೊಟ್ಟಿನ ಮೇಲೆ ಮುಳ್ಳಿನಂತಹ ಎರಡು ಮೆತ್ತನೆಯ ಮೊನೆಗಳಿರುತ್ತವೆ. ಗಾಯವಾದೆಡೆ ಒಸರುವ ಸೊನೆ ಗಾಳಿ ತಾಗಿದೊಡನೆ ಕಪ್ಪಾಗುವುದರಿಂದ ಕಾಂಡದ ಮೇಲೆ ಕರಿಯ ಕಲೆಗಳು ಕಾಣುತ್ತವೆ. 1800–1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕನ್ನಡದ ಹೆಸರನ್ನೇ ಆಧರಿಸಿ ಇದರ ಕುಲಕ್ಕೆ ‘ಹೊಲಿಗಾರ್ನ’ ಎಂದು ಹೆಸರಿಟ್ಟನು.

ಗುಡ್ಡೆಗೇರು: ಸಂಸ್ಕೃತದ ಭಲ್ಲಾತಕ. ಕರಿಯ ಕಾಯಿ, ಅದಕ್ಕೆ ಅಂಟಿಕೊಂಡು ಕಿತ್ತಳೆಬಣ್ಣದ ತಿರುಳಾದ ತೊಟ್ಟು. ಇದರ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ವಿದೇಶೀ ಸೈನಿಕರಿಗೆ ಈ ಗುರುತು ತಾಗಿದಲ್ಲೆಲ್ಲ ಗುಳ್ಳೆಗಳೆದ್ದವು. ಬಟ್ಟೆಯ ಮೇಲೆ ಒಣಗಿದ ಸೊನೆಯೂ ಚರ್ಮವನ್ನು ಕೆಡಿಸಬಲ್ಲುದೆಂಬುದಕ್ಕೆ ಇದೇ ಸಾಕ್ಷಿ.

ಗೇರು: ಪೋರ್ಚುಗೀಸರು 16ನೆಯ ಶತಮಾನದಲ್ಲಿ ತಂದ ಮರ. ತಿರುಳು ನಿರಪಾಯಕರ, ಸಿಪ್ಪೆಯೊಳಗಿನ ಎಣ್ಣೆಯಾದರೋ ಚರ್ಮವನ್ನು ಸುಡುತ್ತದೆ. ಉಡುಪಿ, ಕಾರ್ಕಳ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಸೋದರಿಯರು ಇದನ್ನು ಬಲ್ಲರು.

ಮಾವು: ಉಪ್ಪಿನಕಾಯಿಗೆಂದು ಮಿಡಿ ಕೊಯ್ಯುವಾಗ ತೊಟ್ಟಿನಿಂದ ಸಿಡಿಯುವ ಸೊನೆ, ಸಿಪ್ಪೆಸಹಿತ ಹಣ್ಣನ್ನು ಕಚ್ಚುವ ಮಕ್ಕಳ ತುಟಿಯ ಸುತ್ತ ಏಳುವ ಹುಣ್ಣು, ಇವೆರಡೂ ಇದೇ ಬಗೆಯವು.

ಗುಳ್ಳೆಗಳು ಏಳುವ ಬಗೆ

ಸೊನೆಯ ಎಣ್ಣೆ ಕೆಲವೇ ನಿಮಿಷಗಳಲ್ಲಿ ಚರ್ಮದೊಳಗೆ ಇಳಿಯುತ್ತದೆ. ಮೊದಲ ಸಲ ಏನೂ ಆಗದೆ ಇರಬಹುದು. ಆದರೆ ಶರೀರವು ಅದನ್ನು ವೈರಿಯೆಂದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ತಾಗಿದಾಗ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತುರಿಕೆ, ಬಾವು, ಗುಳ್ಳೆಗಳು ತೋರುತ್ತವೆ. ಆದುದರಿಂದಲೇ ಒಂದೇ ಕೊಂಬೆಯನ್ನು ಮುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬಾಧೆಯಾಗಬಹುದು.

ಗುಳ್ಳೆಯ ನೀರಿನಲ್ಲಿ ಸೊನೆ ಇರುವುದಿಲ್ಲ. ಆದಕಾರಣ ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಹರಡುವುದು ಕೈ, ಉಗುರು, ಬಟ್ಟೆ, ಕತ್ತಿ, ಹಗ್ಗಗಳಲ್ಲಿ ಉಳಿದ ಸೊನೆ ಮಾತ್ರ. ತೊಳೆಯದ ಕೈಯಿಂದ ಮೂತ್ರ ವಿಸರ್ಜನೆಗೆ ಹೋದರೆ ಗುಪ್ತಾಂಗದಲ್ಲಿಯೂ ಗುಳ್ಳೆಗಳೇಳುತ್ತವೆ. ಇದನ್ನು ಅರಿಯದೆ ಸಂಗಾತಿಯ ಶೀಲವನ್ನು ಶಂಕಿಸುವುದು ಅನ್ಯಾಯ. ಸಂದೇಹ ಉಳಿದರೆ ದಂಪತಿಗಳಿಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣತಕ್ಕದ್ದು.

ಮಾಡಬೇಕಾದುದು

1. ಸೊನೆ ತಾಗಿದೊಡನೆ ಸಾಬೂನು ಹಚ್ಚಿ ಧಾರಾಳವಾದ ತಣ್ಣೀರಿನಿಂದ ತೊಳೆಯಿರಿ. ಉಗುರಿನ ಸಂದಿಯನ್ನು ಮರೆಯಬೇಡಿರಿ.
2. ಗುಡ್ಡೆಗೆ ಹೋದವರು ತಮ್ಮ ಬಟ್ಟೆಯನ್ನು ಬೇರೆಯಾಗಿಡಬೇಕು. ಒಗೆಯುವವರು ಕೈಗವಸು ತೊಟ್ಟು ಒಗೆಯಬೇಕು. ಕತ್ತಿಯನ್ನೂ ಸಾಬೂನಿನಿಂದ ತೊಳೆಯಬೇಕು.
3. ಸುಣ್ಣ, ಸೀಮೆಎಣ್ಣೆಗಳನ್ನು ಹಚ್ಚಕೂಡದು, ಗುಳ್ಳೆಗಳನ್ನು ಒಡೆಯಕೂಡದು. ತಣ್ಣೀರಿನ ಬಟ್ಟೆಯಿಂದ ಉರಿ ಶಮನವಾಗುತ್ತದೆ.
4. ಈ ಮರಗಳ ಸೌದೆಯನ್ನು ಉರಿಸಬಾರದು. ಹೊಗೆಯು ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯಕಾರಿ.
5. ತಾಯಿಯ ಹಾಲಿನಿಂದ ಮಗುವಿಗೆ ಇದು ತಗಲುವುದಿಲ್ಲ. ಮೈಕೈ ತೊಳೆದು, ಬಟ್ಟೆ ಬದಲಿಸಿ, ಮಗುವಿಗೆ ಹಾಲೂಡಿರಿ. ಮೊಲೆಯ ಮೇಲೆಯೇ ಗುಳ್ಳೆಗಳಿದ್ದರೆ ವೈದ್ಯರ ಸಲಹೆ ಪಡೆಯಿರಿ.
6. ಮುಖ, ಕಣ್ಣು, ಗುಪ್ತಾಂಗಗಳು ಬಾತರೆ, ಜ್ವರ ಬಂದರೆ, ಕೀವು ತುಂಬಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯರೂ ಬಾಣಂತಿಯರೂ ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ತಾರೆ ಮರಕ್ಕೆ ಸುತ್ತು ಬಂದರೆ ಚೇರೆಯ ಬಾಧೆ ನೀಗುವುದೆಂದು ಹಿರಿಯರು ನಂಬಿದ್ದರು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಒಣಗುವುದರಿಂದ ಆ ನಂಬಿಕೆ ಬಲವಾಗಿರಬೇಕು. ಮರಕ್ಕೆ ಸುತ್ತು ಬಂದರೆ ಹಾನಿಯಿಲ್ಲ. ಅದನ್ನೇ ನೆಚ್ಚಿ ಚಿಕಿತ್ಸೆಯನ್ನು ತಡಮಾಡುವುದರಿಂದ ಹಾನಿಯುಂಟು.

ಹೊಲಗೇರನ್ನು ಕಡಿದುಹಾಕಬೇಕಾಗಿಲ್ಲ. ಅದು ನಮ್ಮ ಘಟ್ಟದ್ದೇ ಆದ ಮರ. ಅದನ್ನು ಗುರುತಿಸಲು ನೀವು ಕಲಿಯಿರಿ, ಮಕ್ಕಳಿಗೂ ಕಲಿಸಿರಿ.

ಪ್ರಶ್ನೆಗಳು

1. ಹೊಲಗೇರನ್ನು ಯಾವ ಗುರುತುಗಳಿಂದ ತಿಳಿಯಬಹುದು?
2. ಬಟ್ಟೆ ಒಗೆದವರಿಗೆ ಗುಳ್ಳೆಗಳು ಏಳಲು ಕಾರಣವೇನು?
3. ಗುಳ್ಳೆಗಳೆದ್ದ ತಾಯಿಯಿಂದ ಮಗುವನ್ನು ಬೇರ್ಪಡಿಸುವುದು ಸರಿಯೇ? ಏಕೆ?