ಬೇಸಗೆಯ ದೂರಪಯಣ

ಪ್ರವಾಸವು ಶಿಕ್ಷಣದ ಒಂದು ಅಂಗವೆಂಬ ಭಾವನೆ ಯುರೋಪಿನಲ್ಲಿ ಬಹಳ ಹಳೆಯದು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳ ತರುಣರು ವಿದ್ಯಾಭ್ಯಾಸ ಮುಗಿದೊಡನೆ ಗುರುವೊಬ್ಬನನ್ನೂ ಸೇವಕರನ್ನೂ ಸಂಗಡ ಕರೆದುಕೊಂಡು ಪ್ಯಾರಿಸ್, ಫ್ಲಾರೆನ್ಸ್, ರೋಮ್ ಮೊದಲಾದ ನಗರಗಳನ್ನು ಸಂದರ್ಶಿಸುತ್ತಿದ್ದರು. ಇಂಥ ಪ್ರವಾಸ ಕೆಲವೊಮ್ಮೆ ಎರಡು ಮೂರು ವರ್ಷಗಳವರೆಗೂ ಸಾಗುತ್ತಿದ್ದುದುಂಟು. ಅದರ ವೆಚ್ಚವನ್ನು ಭರಿಸಲು ದೊಡ್ಡ ಜಮೀನಿನ ಉತ್ಪನ್ನವೇ ಬೇಕಾಗಿದ್ದಿತು. ಗಿರಣಿಯ ಕೂಲಿಕಾರನ ಮಗನಿಗೆ ಪರದೇಶವೆಂದರೆ ಭೂಪಟದ ಮೇಲಿನ ಒಂದು ಬಣ್ಣ ಮಾತ್ರ. ಇಂದು ಬೇಸಗೆಯ ರಜೆ ಬಂದಿತೆಂದರೆ ಸಾಮಾನ್ಯ ಕುಟುಂಬಗಳ ವಿದ್ಯಾರ್ಥಿಗಳು ನಾಲ್ವರೋ ಐವರೋ ಕೂಡಿ, ಬೆನ್ನಿಗೆ ಚೀಲವನ್ನೇರಿಸಿ, ಒಂದು ತಿಂಗಳಲ್ಲಿ ಐದಾರು ದೇಶಗಳನ್ನು ಸುತ್ತಿ ಬರುತ್ತಾರೆ. ಈ ಬದಲಾವಣೆ ತಾನಾಗಿ ಬಂದುದಲ್ಲ. ಅದರ ಮೂಲದಲ್ಲಿ ಒಬ್ಬ ಶಾಲಾಮಾಸ್ತರನಿದ್ದಾನೆ.

ರಿಚರ್ಡ್ ಶಿರ್‌ಮನ್ ಜರ್ಮನಿಯ ಆಲ್ಟೆನಾ ಎಂಬ ಊರಿನಲ್ಲಿ ಉಪಾಧ್ಯಾಯನಾಗಿದ್ದನು. ಕಾರ್ಖಾನೆಗಳ ಹೊಗೆಯಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಕಾಡುಮೇಡುಗಳಿಗೆ ಕರೆದೊಯ್ದು ಅಲ್ಲಿಯೇ ಪಾಠ ಹೇಳುವುದು ಆತನ ಪದ್ಧತಿ. 1909ರ ಆಗಸ್ಟಿನಲ್ಲಿ ಆತನು ತನ್ನ ಶಿಷ್ಯರೊಡನೆ ಆಖೆನ್ ನಗರದತ್ತ ಎಂಟು ದಿನಗಳ ಕಾಲ್ನಡಿಗೆಯ ಪ್ರವಾಸ ಹೊರಟನು. ಆ ತಿಂಗಳ 26ರಂದು ಬ್ರೋಲ್ ಕಣಿವೆಯಲ್ಲಿ ಗುಡುಗು ಸಿಡಿಲುಗಳಿಂದ ಕೂಡಿದ ಬಿರುಮಳೆ ಅವರನ್ನು ಹಿಡಿಯಿತು. ತಂಗಲು ಬೇರೆ ತಾವು ದೊರೆಯದೆ, ರಜೆಗಾಗಿ ಮುಚ್ಚಿದ್ದ ಒಂದು ಹಳ್ಳಿಯ ಶಾಲೆಯೇ ಅವರಿಗೆ ಆಸರೆಯಾಯಿತು. ಬೆಂಚುಗಳನ್ನು ಬದಿಗೆ ಸರಿಸಿ, ಹುಲ್ಲು ಹಾಸಿ, ಮಕ್ಕಳು ಮಲಗಿದರು. ಗುರುವಿಗೆ ನಿದ್ರೆ ಬರಲಿಲ್ಲ. ರಜೆಯ ದಿನಗಳಲ್ಲಿ ನಾಡಿನ ಶಾಲೆಗಳೆಲ್ಲ ಹೀಗೆಯೇ ಬರಿದಾಗಿರುತ್ತವೆ. ಒಂದು ದಿನದ ನಡಿಗೆಗೆ ಒಂದರಂತೆ ಅವುಗಳನ್ನು ತೆರೆದಿಟ್ಟರೆ ಬಡವರ ಮಕ್ಕಳೂ ದೇಶವನ್ನು ನೋಡಬಹುದಲ್ಲವೆ ಎಂಬ ವಿಚಾರ ಆ ರಾತ್ರಿ ಆತನಿಗೆ ಹೊಳೆಯಿತು.

ಮರುವರ್ಷ ಆತನು ಈ ಯೋಜನೆಯನ್ನು ಲೇಖನವಾಗಿ ಪ್ರಕಟಿಸಿದನು. ಅದರಲ್ಲಿ ಆಡಂಬರವೇನೂ ಇರಲಿಲ್ಲ: ಹುಡುಗರಿಗೊಂದು, ಹುಡುಗಿಯರಿಗೊಂದು ತರಗತಿಯ ಕೋಣೆ, ಹುಲ್ಲು ತುಂಬಿದ ಹಾಸಿಗೆ, ದಿಂಬು, ಹೊದಿಕೆ, ತಾನು ಮಲಗಿದ ಜಾಗವನ್ನು ತಾನೇ ಶುಚಿಗೊಳಿಸಬೇಕೆಂಬ ನಿಯಮ. 1912ರಲ್ಲಿ ಆಲ್ಟೆನಾದ ಪುರಾತನ ಕೋಟೆಯಲ್ಲಿಯೇ ಮೊದಲ ಶಾಶ್ವತ ಯುವಜನ ವಸತಿಗೃಹ ಆರಂಭವಾಯಿತು. ಅರಸರು ವಾಸಿಸಿದ ಕಟ್ಟಡದಲ್ಲಿ ಕೂಲಿಕಾರರ ಮಕ್ಕಳು ಮಲಗಿದರು. 1932ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಏರ್ಪಟ್ಟು, ಶಿರ್‌ಮನ್ ಅದರ ಅಧ್ಯಕ್ಷನಾದನು. ಅಷ್ಟರಲ್ಲಿ ಜರ್ಮನಿಯಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದು ವಸತಿಗೃಹಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1936ರಲ್ಲಿ ಆತನು ಒಕ್ಕೂಟದ ಅಧ್ಯಕ್ಷತೆಯನ್ನು ಬಿಡಬೇಕಾಯಿತು. ನೆರೆನಾಡಿನ ಮಕ್ಕಳು ಒಂದೇ ಸೂರಿನಡಿ ಮಲಗಿ ಏಳುವುದು ಎಲ್ಲ ಅರಸೊತ್ತಿಗೆಗಳಿಗೂ ರುಚಿಸುವ ಸಂಗತಿಯಲ್ಲ. ಯುದ್ಧ ಮುಗಿದ ಮೇಲೆ ಆ ವೃದ್ಧನು ಮತ್ತೆ ಅದೇ ಕೆಲಸಕ್ಕೆ ಕೈ ಹಚ್ಚಿದನು.

ಮಲಗಲು ತಾವು ದೊರೆತಿತು. ದೂರ ಹೋಗಲು ವಾಹನ ಬೇಕಷ್ಟೆ. 1972ರಲ್ಲಿ ಯುರೋಪಿನ 21 ದೇಶಗಳ ರೈಲ್ವೆಗಳು ಕೂಡಿ, 21 ವರ್ಷದೊಳಗಿನ ತರುಣರಿಗಾಗಿ ಇಂಟರ್‌ರೈಲ್ ಎಂಬ ಪಾಸನ್ನು ಹೊರಡಿಸಿದುವು. ಒಮ್ಮೆ ಹಣ ತೆತ್ತರೆ ಒಂದು ತಿಂಗಳವರೆಗೆ ಎರಡನೆಯ ದರ್ಜೆಯಲ್ಲಿ ಎತ್ತಲಾದರೂ ಹೋಗಬಹುದಾಗಿದ್ದಿತು. ಈಗ ಅದು 33 ದೇಶಗಳಲ್ಲಿ ನಡೆಯುತ್ತದೆ. ವಯಸ್ಸಿನ ಕಟ್ಟುಪಾಡೂ ಉಳಿದಿಲ್ಲ, ಆದರೆ 27 ವರ್ಷದವರೆಗಿನವರಿಗೆ ದರ ಕಡಿಮೆ. ಯುರೋಪಿನ ನಿವಾಸಿಗಳಲ್ಲದವರಿಗೆ 1959ರಷ್ಟು ಹಿಂದೆಯೇ ಆರಂಭವಾದ ಯುರೇಲ್ ಎಂಬ ಬೇರೆ ಪಾಸು ಇದೆ.

ಸೌಕರ್ಯಗಳು ಇದ್ದ ಮಾತ್ರಕ್ಕೆ ಪ್ರವಾಸ ಅಗ್ಗವಾಗುವುದಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ಕನ್ನಡನಾಡಿನ ನಾಲ್ವರು ಗೆಳೆಯರು ಜುಲೈ ತಿಂಗಳಲ್ಲಿ ಹೊರಡಬೇಕೆಂದಿದ್ದಾರೆ ಎಂದು ಭಾವಿಸಬಹುದು. ಅಲ್ಲಿಯ ನಿವಾಸಿಗಳಾದುದರಿಂದ ಅವರು ಇಂಟರ್‌ರೈಲ್ ಪಾಸಿಗೆ ಅರ್ಹರು. ಅವರಲ್ಲಿ ಒಬ್ಬನಿಗೆ ಮನೆಯಿಂದ ಧಾರಾಳವಾಗಿ ಹಣ ಬರುತ್ತದೆ. ಮತ್ತೊಬ್ಬನು ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆದು ಕೂಡಿಟ್ಟ ಹಣವನ್ನು ಎಣಿಸಿ ತಂದಿದ್ದಾನೆ. ಭೂಪಟವನ್ನು ಬಿಡಿಸುವುದಕ್ಕೆ ಮುನ್ನ ಈ ನಾಲ್ವರು ನಿರ್ಧರಿಸಬೇಕಾದುದು ಯಾರ ಕೈಚೀಲದ ಅಳತೆಗೆ ಪ್ರವಾಸವನ್ನು ಹೊಂದಿಸಬೇಕೆಂಬುದನ್ನು. ಸರಾಸರಿ ಲೆಕ್ಕ ಇಲ್ಲಿ ಸಲ್ಲದು. ಸರಾಸರಿಯಲ್ಲಿ ಹೊರಟರೆ ಮೂರನೆಯ ವಾರದಲ್ಲಿ ಬಡವನಾದ ಗೆಳೆಯನು ಹಸಿವಿಲ್ಲವೆಂದು ಸುಳ್ಳು ಹೇಳಿ ಊಟ ತಪ್ಪಿಸುತ್ತಾನೆ, ಇಲ್ಲವೆ ಸಾಲಗಾರನಾಗುತ್ತಾನೆ. ಎರಡರಿಂದಲೂ ಸ್ನೇಹ ಕೆಡುತ್ತದೆ. ಆದುದರಿಂದ ದಿನವೊಂದಕ್ಕೆ ಇಷ್ಟೆಂಬ ಮಿತಿಯನ್ನು ಅವನೇ ಮೊದಲು ಹೇಳಬೇಕು. ಉಳಿದವರು ಅದನ್ನು ಮರುಮಾತಿಲ್ಲದೆ ಒಪ್ಪಬೇಕು. ಶಿರ್‌ಮನ್ ತನ್ನ ಹುಲ್ಲುಹಾಸಿಗೆಯ ಯೋಜನೆಯನ್ನು ರೂಪಿಸಿದುದೂ ಇದೇ ಅಳತೆಗೋಲಿನಿಂದ.

ಮಿತಿ ಗೊತ್ತಾದ ಬಳಿಕ ದಾರಿಯ ಆಯ್ಕೆ ಸುಲಭ. ಸ್ವಿಟ್ಜರ್ಲೆಂಡ್, ನಾರ್ವೆಗಳಲ್ಲಿ ಊಟ ವಸತಿಗಳು ಬಹು ದುಬಾರಿ. ಪೋಲೆಂಡ್, ಹಂಗೆರಿ, ರುಮೇನಿಯಗಳಲ್ಲಿ ಅಗ್ಗ. ಬರ್ಲಿನ್ನಿನಿಂದ ಎಲ್ಬೆ ನದಿಯ ದಡದಗುಂಟ ಪ್ರಾಗ್, ಅಲ್ಲಿಂದ ವಿಯೆನ್ನಾ, ಬುಡಾಪೆಸ್ಟ್, ಕೊನೆಗೆ ರುಮೇನಿಯದ ಕಾರ್ಪೇಥಿಯನ್ ಬೆಟ್ಟಗಳು—ಇದು ಒಂದು ಒಳ್ಳೆಯ ಮಾರ್ಗ. ಪ್ರಾಗಿನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗಳ ದಾರಿ. ಬುಡಾಪೆಸ್ಟಿನಿಂದ ಮುಂದೆ ರಾತ್ರಿಯ ರೈಲನ್ನು ಹಿಡಿದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಆದರೆ ಪಾಸಿದ್ದರೂ ಮಲಗುವ ಬರ್ತಿಗೆ ಬೇರೆ ಶುಲ್ಕ ಕೊಡಬೇಕಾದುದರಿಂದ ಎರಡನ್ನೂ ಕೂಡಿ ಕಳೆದು ನೋಡುವುದು ಯುಕ್ತ. ಫ್ರಾನ್ಸ್, ಇಟಲಿ, ಸ್ಪೇನುಗಳ ಅತಿವೇಗದ ರೈಲುಗಳಿಗೂ ಹೀಗೆಯೇ ಸ್ಥಳ ಕಾಯ್ದಿರಿಸುವ ಶುಲ್ಕವುಂಟು. ಆತುರವಿಲ್ಲದವನು ನಿಧಾನದ ರೈಲನ್ನು ಹತ್ತುತ್ತಾನೆ. ಅವನ ಹಣವೂ ಉಳಿಯುತ್ತದೆ, ಕಿಟಕಿಯಾಚೆಯ ಹಳ್ಳಿಗಳೂ ಕಣ್ಣಿಗೆ ಬೀಳುತ್ತವೆ.

ಗಡಿಗಳ ವಿಷಯದಲ್ಲಿ ಉದಾಸೀನ ಕೂಡದು. 1985ರಲ್ಲಿ ಷೆಂಗೆನ್ ಎಂಬ ಹಳ್ಳಿಯ ಬಳಿ ಆದ ಒಪ್ಪಂದದ ಫಲವಾಗಿ, 1995ರಿಂದ ಕ್ರಮೇಣ ಹಲವು ದೇಶಗಳ ನಡುವೆ ಗಡಿ ತಪಾಸಣೆ ನಿಂತಿತು. ರುಮೇನಿಯದ ಭೂಗಡಿಯೂ 2025ರ ಆರಂಭದಲ್ಲಿ ಈ ಏರ್ಪಾಟಿಗೆ ಸೇರಿತು. ಜರ್ಮನಿಯ ವಾಸದ ಪರವಾನಗಿಯುಳ್ಳ ಭಾರತೀಯ ವಿದ್ಯಾರ್ಥಿಯು ಈ ದೇಶಗಳಲ್ಲಿ 180 ದಿನಗಳ ಅವಧಿಯೊಳಗೆ 90 ದಿನಗಳವರೆಗೆ ಸಂಚರಿಸಬಹುದು. ಆದರೂ ಪಾಸ್‌ಪೋರ್ಟು, ಪರವಾನಗಿಗಳೆರಡೂ ಸದಾ ಬಳಿಯಲ್ಲಿರಬೇಕು. ತಪಾಸಣೆ ಒಮ್ಮೊಮ್ಮೆ ನಡೆಯುವುದುಂಟು. ಬ್ರಿಟನ್ನು ಈ ಒಪ್ಪಂದದ ಹೊರಗಿದೆ. ಅಲ್ಲಿಗೆ ಬೇರೆ ವೀಸಾ ಬೇಕು. ಇನ್ನು ಹಣವಂತೂ ಗಡಿ ದಾಟಿದಂತೆ ಬದಲಾಗುತ್ತದೆ: ಜರ್ಮನಿ, ಆಸ್ಟ್ರಿಯಗಳಲ್ಲಿ ಯೂರೋ, ಚೆಕ್ ದೇಶದಲ್ಲಿ ಕೊರೂನ, ಹಂಗೆರಿಯಲ್ಲಿ ಫೋರಿಂಟ್, ರುಮೇನಿಯದಲ್ಲಿ ಲೇವು. ಪ್ರತಿ ಬಾರಿ ಬದಲಾಯಿಸುವಾಗಲೂ ಸ್ವಲ್ಪ ನಷ್ಟ ತಪ್ಪದು.

ವಸತಿಗೃಹಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳೇ ಜನಸಂದಣಿಯ ಕಾಲ. ಎರಡು ಮೂರು ತಿಂಗಳ ಮೊದಲೇ ಜಾಗ ಗೊತ್ತುಮಾಡಿಕೊಂಡವರಿಗೆ ಲಾಭ. ಅನೇಕ ವಸತಿಗೃಹಗಳಲ್ಲಿ ಎಲ್ಲರೂ ಬಳಸಬಹುದಾದ ಅಡುಗೆಮನೆ ಇರುತ್ತದೆ. ದಿನಸಿ ಅಂಗಡಿಯಿಂದ ಅಕ್ಕಿ, ಬೇಳೆ, ತರಕಾರಿ ತಂದು ಅನ್ನ ಸಾರು ಮಾಡಿಕೊಂಡರೆ ಹೊರಗಿನ ಒಬ್ಬರ ಊಟದ ಬೆಲೆಯಲ್ಲಿ ನಾಲ್ವರ ಹೊಟ್ಟೆ ತುಂಬೀತು. ಸಾರಿನ ಪರಿಮಳಕ್ಕೆ ಪಕ್ಕದ ಒಲೆಯವನು ಮಾತಿಗಿಳಿಯುವುದೂ ಉಂಟು. ಕುಡಿಯುವ ನೀರಿಗೆ ಹಣ ಕೊಡಬೇಕಾದ ಅಗತ್ಯವಿಲ್ಲ. ವಿಯೆನ್ನಾದ ನಲ್ಲಿಗಳಲ್ಲಿ ಹರಿಯುವುದು ಆಲ್ಪ್ಸ್ ಪರ್ವತದ ಒರತೆಯ ನೀರು. 1873ರಲ್ಲಿ ಅದಕ್ಕಾಗಿ ಮೊದಲ ಕಾಲುವೆಯನ್ನು ಕಟ್ಟಿದರು.

ಊಟ, ವಸತಿ, ನಗರದ ಬಸ್ಸುಗಳಿಗೆಂದು ನಾಲ್ವರೂ ಸಮನಾಗಿ ಹಾಕಿದ ಒಂದು ಸಾಮಾನ್ಯ ನಿಧಿಯಿದ್ದು, ವಾರಕ್ಕೊಬ್ಬರಂತೆ ಲೆಕ್ಕ ಬರೆಯುವುದು ಲೇಸು. ಸ್ವಂತ ಖರೀದಿಗಳು ಅದರಲ್ಲಿ ಸೇರಕೂಡದು. ಹಗಲು ರಾತ್ರಿ ಒಟ್ಟಿಗೇ ಇದ್ದವರಿಗೆ ಎರಡು ವಾರಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ಸಾಕಾಗುವುದು ಸಹಜ. ಒಬ್ಬನಿಗೆ ಬೆಟ್ಟ ಬೇಕು, ಇನ್ನೊಬ್ಬನಿಗೆ ವಸ್ತುಸಂಗ್ರಹಾಲಯ. ಆಗ ಎರಡು ದಿನ ಬೇರೆಬೇರೆಯಾಗಿ ತಿರುಗಿದರೆ ತಪ್ಪೇನೂ ಇಲ್ಲ. ಮತ್ತೆ ಕೂಡುವ ನಿಲ್ದಾಣದ ಹೆಸರನ್ನೂ ವೇಳೆಯನ್ನೂ ಕಾಗದದ ಮೇಲೆ ಬರೆದು ಪ್ರತಿಯೊಬ್ಬನೂ ಜೇಬಿನಲ್ಲಿಟ್ಟುಕೊಂಡಿರಬೇಕು.