ಹಣದ ಲೆಕ್ಕ, ಹೊತ್ತಿನ ಲೆಕ್ಕ

ಸಂಸಾರದಲ್ಲಿ ಎರಡು ಬಗೆಯ ಖರ್ಚುಗಳಿವೆ: ಒಂದು ಹಣದ್ದು, ಇನ್ನೊಂದು ಹೊತ್ತಿನದು. ಸಂತೆಯಲ್ಲಿ ಕೊಟ್ಟ ಹತ್ತು ರೂಪಾಯಿ ಎಲ್ಲರಿಗೂ ನೆನಪಿರುತ್ತದೆ. ಸೌದೆ ತರಲು, ನೀರು ಹೊರಲು ಹಿಡಿದ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಆ ಹೊತ್ತು ಬಹುಮಟ್ಟಿಗೆ ಮನೆಯ ಗೃಹಿಣಿಯದು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕಳೆಯುತ್ತಿದ್ದರು; ಪುರುಷರು 97 ನಿಮಿಷಗಳನ್ನು ಮಾತ್ರ.

ದಿನ ಬಿಟ್ಟು ದಿನ ಸೌದೆಗೆ ಎರಡು ಗಂಟೆ ಹಿಡಿದರೆ ತಿಂಗಳಿಗೆ 30 ಗಂಟೆಗಳಾದವು. ಇದು ಸುಮಾರು ನಾಲ್ಕು ದಿನಗಳ ಕೂಲಿಯ ಹೊತ್ತು. ‘ಸೌದೆಗೆ ಖರ್ಚಿಲ್ಲ’ ಎನ್ನುವ ಮುನ್ನ ದಂಪತಿಗಳು ಈ ಲೆಕ್ಕವನ್ನು ಗಮನಿಸಬೇಕು.

ಹಣ ಕೊಟ್ಟು ಹೊತ್ತು ಉಳಿಸುವ ಸಂದರ್ಭ

ಗರ್ಭಿಣಿಗೆ ರಾತ್ರಿ ಎಂಟು ಗಂಟೆಗಳ ನಿದ್ರೆ, ಹಗಲು ಎರಡು ಗಂಟೆಗಳ ವಿಶ್ರಾಂತಿ ಅವಶ್ಯಕ. ಆಕೆ ಭಾರವಾದ ಹೊರೆಯನ್ನು ಹೊರಬಾರದು. ಒಲೆಯ ಹೊಗೆಯೂ ಆಕೆಗೆ ಹಾಗೂ ಗರ್ಭಸ್ಥ ಶಿಶುವಿಗೆ ಹಾನಿಕರ. ಆದುದರಿಂದ ಈ ತಿಂಗಳುಗಳಲ್ಲಿ ಅಡುಗೆ ಅನಿಲಕ್ಕಾಗಿ ಮಾಡುವ ವೆಚ್ಚ ದುಂದಲ್ಲ. ಅಷ್ಟು ಅನುಕೂಲವಿಲ್ಲದಿದ್ದಲ್ಲಿ ನೀರು, ಸೌದೆಗಳ ಹೊಣೆಯನ್ನು ಪತಿಯೇ ವಹಿಸಿಕೊಳ್ಳಬೇಕು. ಇದಕ್ಕೆ ಹಣ ಬೇಡ, ಮನಸ್ಸು ಸಾಕು.

ಹೊತ್ತು ಕೊಟ್ಟು ಹಣ ಉಳಿಸುವ ಸಂದರ್ಭ

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಡಬ್ಬಿಯ ಪುಡಿಗೆ ಹಣ ಸುರಿಯುವುದಕ್ಕಿಂತ, ತಾಯಿಗೆ ಹಾಲೂಡಿಸಲು ಬಿಡುವು ಮಾಡಿಕೊಡುವುದು ಲೇಸು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೊಳಕೆ ಕಟ್ಟಿದ ರಾಗಿಯ ಸರಿಯನ್ನು ಮನೆಯಲ್ಲಿಯೇ ತಯಾರಿಸಿ ಕೊಡಿರಿ. ಹಿತ್ತಿಲಿನ ನುಗ್ಗೆಸೊಪ್ಪು, ಪರಂಗಿ ಹಣ್ಣುಗಳೂ ಅಂತಹವೇ.

ತಡಮಾಡಿದರೆ ಎರಡೂ ನಷ್ಟ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆ, ಕಬ್ಬಿಣಾಂಶದ ಮಾತ್ರೆ, ಮಕ್ಕಳ ಲಸಿಕೆ ಉಚಿತ. ಆದರೂ ‘ಒಂದು ದಿನದ ಕೂಲಿ ಹೋಗುತ್ತದೆ’ ಎಂದು ಅನೇಕರು ಬರುವುದಿಲ್ಲ. ರಕ್ತಹೀನತೆ ಮೊದಲೇ ತಿಳಿದರೆ ಮಾತ್ರೆಯಿಂದ ವಾಸಿಯಾಗಬಹುದು. ಹೆರಿಗೆಯ ವೇಳೆಗೆ ತಿಳಿದರೆ ರಕ್ತ ಕೊಡಬೇಕಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಗರ್ಭಿಣಿಗೆ ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ತಪಾಸಣೆ ಇರುತ್ತದೆ. ಆ ದಿನವನ್ನು ಮೊದಲೇ ಗುರುತಿಟ್ಟುಕೊಂಡು ಕೆಲಸವನ್ನು ಹೊಂದಿಸಿಕೊಳ್ಳಿರಿ.

ಮಗುವಿಗೆ ಭೇದಿಯಾದಾಗಲೂ ಸಂಜೆಯವರೆಗೆ ಕಾಯಬಾರದು. ಆಶಾ ಕಾರ್ಯಕರ್ತೆಯಿಂದ ಓ.ಆರ್.ಎಸ್. ಪೊಟ್ಟಣ ಪಡೆದು, ಅದರ ಮೇಲೆ ಬರೆದ ಪ್ರಮಾಣದ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸುತ್ತಿರಿ. ಮಗು ಮಂಕಾದರೆ, ಕುಡಿಯಲಾರದಾದರೆ ಅಥವಾ ಕಣ್ಣು ಗುಳಿಬಿದ್ದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ತಾಯಿಗೆ ಚೇತರಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಮಗುವಿನ ಆರೈಕೆಗೆ ಹಣವೂ ಒದಗುತ್ತದೆ. ಆದುದರಿಂದ ತಿಂಗಳ ಖರ್ಚನ್ನು ಬರೆಯುವಾಗ ಪತಿಪತ್ನಿಯರಿಬ್ಬರೂ ಜೊತೆಗೆ ಕುಳಿತು, ಯಾರ ಹೊತ್ತು ಎಲ್ಲಿ ಕಳೆಯುತ್ತಿದೆ ಎಂಬುದನ್ನೂ ಬರೆಯಿರಿ. ಯಾವ ಕೆಲಸವನ್ನು ಯಾರು ಹಂಚಿಕೊಳ್ಳಬೇಕೆಂಬುದು ಆಗ ನಿಮಗೇ ತಿಳಿಯುವುದು.