ಮಳೆಹನಿಯ ಸಂಗೀತ, ಮೌನದ ಮದ್ದು

ರಕ್ತದೊತ್ತಡ ಇರುವವರಿಗೆ, ನಿದ್ರೆ ಬಾರದವರಿಗೆ ‘ಸಂಗೀತ ಕೇಳಿ’ ಎಂದು ವೈದ್ಯರೂ ಹೇಳುವುದುಂಟು. ಎಂಥ ಸಂಗೀತ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮರಿಂಬಾ ವಾದ್ಯದ ಒಂದು ಕೃತಿಯ ಮೂಲಕ ಇದನ್ನು ವಿಚಾರಿಸೋಣ.

ಮರಿಂಬಾ ನಮ್ಮ ಕಾಷ್ಠತರಂಗದ ದೊಡ್ಡಣ್ಣ. ಬೀಟೆಯ ಬಳಗಕ್ಕೆ ಸೇರಿದ ಮರದ ಪಟ್ಟಿಗಳ ಕೆಳಗೆ ನಾದವನ್ನು ಹಿಗ್ಗಿಸುವ ಕೊಳವೆಗಳಿರುತ್ತವೆ. ನೂಲು ಸುತ್ತಿದ ಕೋಲುಗಳಿಂದ ಇದನ್ನು ನುಡಿಸುತ್ತಾರೆ. ಜಪಾನಿನ ತೋರು ತಾಕೆಮಿತ್ಸು 1981ರಲ್ಲಿ ಮೂವರು ವಾದಕರಿಗಾಗಿ ‘ರೇನ್ ಟ್ರೀ’ ರಚಿಸಿದರು. ಕೆನ್ಜಾಬುರೊ ಓಎ ಅವರ ಕತೆಯಲ್ಲಿ ಬರುವ ಮರವೊಂದು ಇದಕ್ಕೆ ಪ್ರೇರಣೆ. ಸುರಿದ ಮಳೆಯನ್ನು ಆ ಮರ ಪುಟ್ಟ ಎಲೆಗಳಲ್ಲಿ ಹಿಡಿದಿಟ್ಟುಕೊಂಡು, ಸುತ್ತಲಿನ ಮರಗಳು ಒಣಗಿದ ಮೇಲೂ ಹನಿ ಉದುರಿಸುತ್ತಿರುತ್ತದೆ. ಕೃತಿಯ ಆರಂಭದಲ್ಲಿ ಪುಟ್ಟ ತಾಳಗಳ ಸ್ವರಗಳು ಹಾಗೆಯೇ, ಒಂದೊಂದಾಗಿ ಬೀಳುತ್ತವೆ. ಎರಡು ಹನಿಗಳ ನಡುವೆ ನೀವು ಕಾಯುತ್ತೀರಿ.

ಗುಟ್ಟು ಈ ಕಾಯುವಿಕೆಯಲ್ಲೇ ಇದ್ದೀತು. ಇಟಲಿಯ ವೈದ್ಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 24 ಜನರಿಗೆ ಬೇರೆ ಬೇರೆ ಸಂಗೀತ ಕೇಳಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಯ ಚುರುಕಾದಷ್ಟೂ ಉಸಿರಾಟ, ನಾಡಿ, ರಕ್ತದೊತ್ತಡ ಏರಿದವು. ಆದರೆ ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ಅವು ಕೇಳುವ ಮೊದಲಿದ್ದ ಮಟ್ಟಕ್ಕಿಂತಲೂ ಇಳಿದವು! ಇದು ಸಣ್ಣ ಪ್ರಯೋಗ, ನಿಜ. ಇಷ್ಟನ್ನೇ ನಂಬಿ ಮಾತ್ರೆ ಬಿಡಬೇಡಿ.

ಮನೆಯಲ್ಲಿ ಮೂವರಿದ್ದರೆ ಇಂಥದೊಂದನ್ನು ನೀವೂ ರಚಿಸಬಹುದು. ಮಕ್ಕಳ ಸೈಲೋಫೋನ್ ಆದೀತು, ನೀರು ತುಂಬಿದ ಪಿಂಗಾಣಿ ಬಟ್ಟಲುಗಳೂ ಆದೀತು. ಮೋಹನ ರಾಗದ ಐದು ಸ್ವರಗಳನ್ನಷ್ಟೇ ಇಟ್ಟುಕೊಳ್ಳಿ. ಯಾವುದರ ಜೊತೆ ಯಾವುದು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಸೆಕೆಂಡಿಗೆ ಒಂದರಂತೆ ಹತ್ತು ಎಣಿಸಿ. ನಾಲ್ಕು ಎಣಿಕೆ ಉಸಿರು ಒಳಕ್ಕೆ, ಆರು ಹೊರಕ್ಕೆ. ಒಬ್ಬರು ಪ್ರತಿ ಹತ್ತರ ಆರಂಭದಲ್ಲಿ ಒಂದು ತಗ್ಗಿನ ಸ್ವರ ನುಡಿಸಲಿ. ಇನ್ನೊಬ್ಬರು ನಡುವೆ ಎರಡೋ ಮೂರೋ ಹನಿ ಸೇರಿಸಲಿ. ಮೂರನೆಯವರು ಹೆಚ್ಚು ಹೊತ್ತು ಸುಮ್ಮನಿರಲಿ. ಎಲ್ಲಕ್ಕಿಂತ ಕಷ್ಟದ ಪಾತ್ರ ಅದೇ! ಐದು ನಿಮಿಷವಾದ ಮೇಲೆ ಎಲ್ಲರೂ ಎರಡು ನಿಮಿಷ ನಿಲ್ಲಿಸಿ, ಮತ್ತೆ ಮುಂದುವರಿಸಿ. ತಲೆ ಹಗುರಾದಂತೆ ಅನಿಸಿದರೆ ಎಣಿಕೆ ಬಿಟ್ಟು ಮಾಮೂಲಿನಂತೆ ಉಸಿರಾಡಿ.

ಮರದ ನಾದ ಬೇಗ ಆರುತ್ತದೆ. ಅದನ್ನು ಉಳಿಸಲು ವಾದಕರು ಎರಡು ಕೋಲುಗಳಿಂದ ಬಿಡದೆ ಬಡಿಯುವುದುಂಟು. ಮಣಿಕಟ್ಟಿಗೆ ಅದು ಶ್ರಮ. ನಿಮಗೆ ಅದು ಬೇಡ, ನಾದ ಆರಲಿ ಬಿಡಿ. ಕೋಲನ್ನು ಸಡಿಲವಾಗಿ ಹಿಡಿಯಿರಿ. ವಾದ್ಯ ಮೊಣಕೈಗಿಂತ ತುಸು ಕೆಳಗಿರಲಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಇದೆ.